ಲೊಕ್ಕಿಗುಂಡಿಯ ಬಾವಿ, ಪುಲಿಗೆರೆಯ ಪೇಟೆ

2008ರಲ್ಲಿ ‘ಗೋಲ್ಡನ್ ಚಾರಿಯಟ್’ ಐಷಾರಾಮಿ ರೈಲು ಓಡಲು ಶುರುವಾದಾಗ ಅದರ ಪ್ರಯಾಣದ ಪಟ್ಟಿಯಲ್ಲಿ ಗದಗದ ಹೆಸರೂ ಇತ್ತು. ನೇರಳೆ ಮೈಗೆ ಬಂಗಾರದ ಬಣ್ಣ ಬಳಿದುಕೊಂಡ ಆ ರೈಲಿನ ಬೋಗಿಗಳಿಗೆ ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ ಎಂದು ನಾಡನ್ನಾಳಿದ ಮನೆತನಗಳ ಹೆಸರಿಟ್ಟಿದ್ದರು. ಹಂಪಿ ನೋಡಿಕೊಂಡು ಬಂದ ಅತಿಥಿಗಳಿಗೆ ಗದಗ ಇಳಿಯುವ ನಿಲ್ದಾಣ ಮಾತ್ರ. ಅಲ್ಲಿಂದ ಬಸ್ಸು ಹತ್ತಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಹೊರಡುವುದು ಏರ್ಪಾಡು. ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಮೂವರೂ ತಮ್ಮದಾಗಿಸಿಕೊಳ್ಳಲು ಹಂಬಲಿಸಿದ ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರ, ಗದಗದಿಂದ ಸುಮಾರು 40 ಕಿಲೊಮೀಟರ್. ನಾಣ್ಯ ಟಂಕಿಸುತ್ತಿದ್ದ ಲೊಕ್ಕಿಗುಂಡಿ, ಇಂದಿನ ಲಕ್ಕುಂಡಿ, ಬರೀ 12 ಕಿಲೊಮೀಟರ್. ಆ ದಾರಿಗೆ ಬಸ್ಸು ತಿರುಗಲಿಲ್ಲ.

ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿದ ನಮ್ಮ ಊರುಗಳ ಕುಟುಂಬಗಳು ಈಗ ದೂರದ ಹಳೆಯ ಪೇಟೆಗಳನ್ನು ಹುಡುಕಿಕೊಂಡು ಹೋಗುತ್ತಿವೆ. ಪ್ರವಾಸದ ಜಾಹೀರಾತುಗಳಲ್ಲಿ ಉತ್ತರ ಆಫ್ರಿಕಾದ ಮೊರಾಕ್ಕೊ ದೇಶದ ಮರಾಕೆಶ್ ಎಂಬ ಊರಿನ ಚಿತ್ರ ಮೇಲಿಂದ ಮೇಲೆ ಕಾಣುತ್ತದೆ. ಕೆಮ್ಮಣ್ಣಿನ ಬಣ್ಣದ ಕೋಟೆಗೋಡೆ, ಅದರೊಳಗೆ ಸಂದಿ ಸಂದಿಯಾಗಿ ಹರಡಿದ ಬಜಾರು. ಬಣ್ಣ ಹಾಕುವವರಿಗೆ ಒಂದು ಓಣಿ, ಚರ್ಮದವರಿಗೆ ಒಂದು, ತಾಮ್ರ ಬಡಿಯುವವರಿಗೆ ಇನ್ನೊಂದು. ಸಂಜೆಯಾದರೆ ಜಮಾ ಎಲ್-ಫನಾ ಎಂಬ ಬಯಲಿನಲ್ಲಿ ಕಥೆ ಹೇಳುವವರು, ಹಾಡುವವರು, ಹೊಗೆಯಾಡುವ ಊಟದ ಅಂಗಡಿಗಳು. ಯುನೆಸ್ಕೊ 1985ರಲ್ಲಿ ಆ ಹಳೆಯ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2001ರಲ್ಲಿ ಆ ಬಯಲಿನ ಕಥೆಗಾರಿಕೆಯನ್ನೇ ಮನುಕುಲದ ಮೌಖಿಕ ಪರಂಪರೆ ಎಂದು ಸಾರಿತು. ಅಲ್ಲಿ ಹೋದವರು ಉಳಿಯುವುದು ‘ರಿಯಾದ್’ ಎಂಬ ಮನೆಗಳಲ್ಲಿ. ಬೀದಿಗೆ ಕಿಟಕಿಯಿಲ್ಲದ ಮಣ್ಣಿನ ಗೋಡೆ, ಒಂದು ಗಟ್ಟಿ ಬಾಗಿಲು, ಒಳಗೆ ಕಾಲಿಟ್ಟರೆ ಅಂಗಳ, ಅಂಗಳದ ನಡುವೆ ನೀರು, ಸುತ್ತ ಕೋಣೆಗಳು. ಒಂದು ಕಾಲಕ್ಕೆ ವ್ಯಾಪಾರಿಗಳ, ಅಧಿಕಾರಿಗಳ ಮನೆಗಳಾಗಿದ್ದವು ಈಗ ದುಬಾರಿ ವಸತಿಗಳಾಗಿವೆ.

ಮರಾಕೆಶ್ ಹುಟ್ಟಿದ್ದು 1070ರ ಹೊತ್ತಿಗೆ. ಅಲ್‌ಮೊರಾವಿದ್ ಎಂಬ ಮರುಭೂಮಿಯ ಮನೆತನ ಅಲ್ಲಿ ಬೀಡು ಬಿಟ್ಟು ಊರು ಕಟ್ಟಿತು. ಸಹಾರಾ ದಾಟಿ ಬರುವ ಒಂಟೆಗಳ ಬಂಗಾರವೇ ಅವರ ಬಲ, ಅವರ ದಿನಾರುಗಳು ಯುರೋಪಿನಲ್ಲೂ ಚಲಾವಣೆಯಲ್ಲಿದ್ದವು. ಲೊಕ್ಕಿಗುಂಡಿಯಲ್ಲಿ ಜೈನ ದಾನಿ ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಎಂದರೆ ಮರಾಕೆಶ್‌ನ ಮೊದಲ ಗುಡಾರ ನಿಲ್ಲುವ ಅರವತ್ತು ವರ್ಷ ಮೊದಲೇ ನಮ್ಮ ಗದಗ ಸೀಮೆಯ ಈ ಊರು ಕಲ್ಲಿನ ಜಿನಾಲಯ ಕಟ್ಟುವಷ್ಟು ಸಿರಿವಂತವಾಗಿತ್ತು. ಪುಲಿಗೆರೆಯ ಪೇಟೆ ಅದಕ್ಕಿಂತ ಮೂರು ನೂರು ವರ್ಷ ಹಳೆಯದು.

ನಮ್ಮದೇ ಹಿರಿದು ಎಂದು ಬೀಗಲು ಈ ಲೆಕ್ಕ ಹೇಳುತ್ತಿಲ್ಲ. ಮರಾಕೆಶ್ ಕಟ್ಟಿದವರಿಗೂ ಅದನ್ನು ಉಳಿಸಿಕೊಂಡವರಿಗೂ ನನ್ನ ಮನಸ್ಸಿನಲ್ಲಿ ಗೌರವವಿದೆ. ಹಳೆಯ ಪೇಟೆಯ ಊರಿನಲ್ಲಿ ಸಾವಕಾಶ ನಾಲ್ಕು ದಿನ ಕಳೆಯಬೇಕು, ಚೆನ್ನಾಗಿ ಉಣ್ಣಬೇಕು, ಕೈಕಸುಬಿನವರ ಪಕ್ಕ ಕೂರಬೇಕು, ಕಥೆ ಕೇಳಬೇಕು ಎಂಬ ಆಸೆಯಿದ್ದವರಿಗೆ ಗದಗ-ಬೆಟಗೇರಿ, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಅದೆಲ್ಲ ಇದೆ ಎಂದು ಹೇಳಬೇಕಾಗಿದೆ. ಇಲ್ಲದ್ದು ಒಂದೇ, ಅದರ ಮಾತು ಕಡೆಗೆ.

ಪುಲಿಗೆರೆಯ ಕಟ್ಟಳೆ

ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ, ಪುಲಿಗೆರೆ-300 ಎಂಬ ನಾಡಿನ ಮುಖ್ಯ ಪಟ್ಟಣ. ಆದಿಕವಿ ಪಂಪ ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದು ಹೆಮ್ಮೆಯಿಂದ ಹೇಳಿಕೊಂಡ. ಅದಕ್ಕೂ ಮೊದಲು ‘ಕವಿರಾಜಮಾರ್ಗ’ ಕನ್ನಡದ ತಿರುಳಿನ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆ ಪುಲಿಗೆರೆಯನ್ನೂ ಹೆಸರಿಸಿತು. ಶಾಲೆಯಲ್ಲಿ ಓದಿದವರಿಗೆಲ್ಲ ಇದು ಗೊತ್ತಿರುತ್ತದೆ. ಆದರೆ ಒಳ್ಳೆಯ ಕನ್ನಡ ಅಲ್ಲಿ ಏಕೆ ಬೆಳೆಯಿತು? ನನಗೆ ತೋಚುವ ಉತ್ತರ ಪೇಟೆ. ನಾನಾ ಕಡೆಯ ಜನ ಕೂಡಿ ಕೊಡುವ, ಕೊಳ್ಳುವ, ಜಗಳಾಡುವ, ಲೆಕ್ಕ ಒಪ್ಪಿಸುವ ಜಾಗದಲ್ಲಿ ಮಾತು ಮಸೆದುಕೊಳ್ಳುತ್ತದೆ.

ಆ ಪೇಟೆ ಹೇಗೆ ನಡೆಯುತ್ತಿತ್ತು ಎಂದು ತೋರಿಸುವ ಒಂದು ಶಾಸನ ಲಕ್ಷ್ಮೇಶ್ವರದಲ್ಲಿ ಸಿಕ್ಕಿದೆ. 8ನೇ ಶತಮಾನದ ಮೊದಲ ಭಾಗದ್ದು, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನದು. ಮುಂದೆ ಇಮ್ಮಡಿ ವಿಕ್ರಮಾದಿತ್ಯ ಎಂದು ಪಟ್ಟಕ್ಕೆ ಬಂದವನು ಇವನೇ. ಯುವರಾಜನಾಗಿದ್ದಾಗ ಈ ಊರಿನ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ ಆಚಾರವ್ಯವಸ್ಥೆಯೊಂದನ್ನು ಬರೆದುಕೊಟ್ಟ. ನಗರದವರೆಂದರೆ ವ್ಯಾಪಾರಿಗಳು, ಪ್ರಕೃತಿಗಳೆಂದರೆ ಊರಿನ ನಾನಾ ಕಸುಬಿನ ಜನ. ಅರಮನೆಯ ಅಧಿಕಾರಿಗಳು ಊರಿನವರೊಡನೆ ಹೇಗೆ ನಡೆದುಕೊಳ್ಳಬೇಕು, ಊರಿನವರು ಅರಮನೆಗೆ ಏನು ಸಲ್ಲಿಸಬೇಕು ಎಂಬುದೆಲ್ಲ ಅದರಲ್ಲಿದೆ. ಎಲ್ಲ ಮನೆಗೂ ಒಂದೇ ತೆರಿಗೆಯಲ್ಲ, ಮನೆಯವರ ಅನುಕೂಲ ನೋಡಿ ಹೆಚ್ಚು-ಕಡಿಮೆ. ಕಂಚುಗಾರರ ಶ್ರೇಣಿಯ ಹೆಸರು ಅದರಲ್ಲಿ ಬರುತ್ತದೆ, ತೆಲ್ಲಿಗರ ಶ್ರೇಣಿಯದೂ ಬರುತ್ತದೆ. ಕಂಚು ಬಡಿಯುವವರೂ ಗಾಣ ಆಡಿಸುವವರೂ ಅರಸುಮಗನ ಕಟ್ಟಳೆಯಲ್ಲಿ ಹೆಸರಿನಿಂದ ಕಾಣುವ ಊರು ಅದು. ಒಬ್ಬ ರಾಜಕುಮಾರ ಪೇಟೆಯವರಿಗೆ ಮಾತು ಕೊಟ್ಟು ಅದನ್ನು ಕಲ್ಲಿನಲ್ಲಿ ಕೆತ್ತಿಸಿದ್ದು ನಮ್ಮ ನೆಲದಲ್ಲಿ, ನಮ್ಮ ನುಡಿಯಲ್ಲಿ ಎಂಬುದನ್ನು ಪ್ರತಿಯೊಬ್ಬ ಪುರಸಭೆ ಸದಸ್ಯರೂ ಓದಿ ತಿಳಿಯಬೇಕು.

ಈ ಊರಿನ ಸೋಮೇಶ್ವರ ದೇವಾಲಯದ ಕಥೆಯೂ ಪೇಟೆಯಿಂದಲೇ ಹೊರಡುತ್ತದೆ. ಸೌರಾಷ್ಟ್ರದ ಆದಯ್ಯ ಎಂಬ ಶಿವಭಕ್ತ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ. ಇಲ್ಲಿಯ ಜೈನ ಮನೆತನದ ಪದ್ಮಾವತಿಯನ್ನು ಕಂಡು ಮೆಚ್ಚಿ ಮದುವೆಯಾದ. ಮನೆಯೊಳಗೆ ಧರ್ಮದ ಜಗಳ ಬೆಳೆಯಿತು. ಸೌರಾಷ್ಟ್ರದ ಸೋಮೇಶ್ವರನನ್ನೇ ತಂದು ಇಲ್ಲಿ ನಿಲ್ಲಿಸುತ್ತೇನೆಂದು ಹೊರಟುಹೋದವನು ತಂದೇ ತಂದ, ಸುರಹೊನ್ನೆ ಬಸದಿಯಲ್ಲಿ ನಿಲ್ಲಿಸಿದ. ಹರಿಹರನ ‘ಆದಯ್ಯನ ರಗಳೆ’ಯೂ ರಾಘವಾಂಕನ ‘ಸೋಮನಾಥ ಚಾರಿತ್ರ’ವೂ ಹೇಳುವುದು ಇದನ್ನೇ. ಇದು ಬರೀ ಸಿಹಿಯಾದ ಕಥೆಯಲ್ಲ, ಅದರಲ್ಲಿ ಕಾದಾಟವಿದೆ, ಒಬ್ಬರ ಗುಡಿಯಲ್ಲಿ ಇನ್ನೊಬ್ಬರ ದೇವರು ಬಂದು ನಿಂತ ನೋವಿದೆ. ದೂರದವರು ಕೂಡುವ ಪೇಟೆಯಲ್ಲಿ ಪ್ರೀತಿಯೂ ಹುಟ್ಟುತ್ತದೆ, ತಿಕ್ಕಾಟವೂ ಹುಟ್ಟುತ್ತದೆ. ಆದರೆ ಊರು ಎರಡನ್ನೂ ಇಟ್ಟುಕೊಂಡಿದೆ. ಸೋಮೇಶ್ವರನ ಗುಡಿಯಿರುವ ಊರಿನಲ್ಲೇ ಶಂಖ ಬಸದಿ ಇದೆ, ಅನಂತನಾಥ ಬಸದಿ ಇದೆ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ ಇದೆ, ದೂದನಾನಾ ದರ್ಗಾ ಇದೆ. ಅರ್ಧ ದಿನ ಕಾಲ್ನಡಿಗೆಯಲ್ಲಿ ಇಷ್ಟೂ ನೋಡಬಹುದು.

ಸೋಮೇಶ್ವರ ಗುಡಿಯ ಗರ್ಭಗೃಹದಲ್ಲಿ ಲಿಂಗವಿಲ್ಲ. ನಂದಿಯ ಮೇಲೆ ಕುಳಿತ ಶಿವ-ಪಾರ್ವತಿಯರ ಮೂರ್ತಿಯಿದೆ. ಊರಿಂದೂರಿಗೆ ಹೊರಟ ಗಂಡ-ಹೆಂಡಿರ ಹಾಗೆ ಕಾಣುವ ಈ ರೂಪ ದಾರಿಹೋಕ ವ್ಯಾಪಾರಿಯೊಬ್ಬ ತಂದ ದೇವರಿಗೆ ಸರಿಯಾಗಿ ಹೊಂದುತ್ತದೆ. ವರ್ಷಗಟ್ಟಲೆ ಹಾಳು ಸುರಿಯುತ್ತಿದ್ದ ಈ ಗುಡಿಯ ಆವರಣ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡಿತು. ಈಗ ಅಲ್ಲಿ ಪುಲಿಗೆರೆ ಉತ್ಸವ ನಡೆಯುತ್ತದೆ. ಬೆಳಗಿನ ಹೊತ್ತಿಗೆ ಗುಡಿಯ ಕಂಬಗಳ ನಡುವೆ ಸಂಗೀತ ಕೇಳುವುದಕ್ಕಾಗಿಯೇ ದೂರದೂರಿನಿಂದ ಬರುವವರಿದ್ದಾರೆ. ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಈ ಸೀಮೆಯಲ್ಲಿ ಕಣ್ಣಿಗೆ ಕಾಣುವ ಉದಾಹರಣೆ ಇದು.

ಸೆಟ್ಟಿಗಳು ಕಟ್ಟಿಸಿದ ವಿಹಾರ

ಲಕ್ಕುಂಡಿಗೆ ಹೋಗುವವರು ಬೆಳಿಗ್ಗೆ ಹೋಗಬೇಕು. ಗದಗದಿಂದ ಕೊಪ್ಪಳದ ಕಡೆಗೆ ಹೋಗುವ ಹೆದ್ದಾರಿ ಹಿಡಿದರೆ ಅರ್ಧ ತಾಸು ಬೇಡ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರ ಮಾತು. ಕಾಶಿ ವಿಶ್ವನಾಥ, ನನ್ನೇಶ್ವರ, ಬ್ರಹ್ಮ ಜಿನಾಲಯ, ಮಾಣಿಕೇಶ್ವರ ಗುಡಿಯ ಎದುರಿನ ಮುಸುಕಿನ ಬಾವಿ ಇವನ್ನಂತೂ ಯಾರೂ ಬಿಡಬಾರದು. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಮಾಡಿದ ಕೆಲಸ. ಬಾಗಿಲುವಾಡದ ಪಟ್ಟಿಕೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಲೊಕ್ಕಿಗುಂಡಿ ಸಾವಿರ ಮಹಾಜನರ ಅಗ್ರಹಾರವಾಗಿತ್ತು, ಟಂಕಸಾಲೆಯ ಊರೂ ಆಗಿತ್ತು. ಇಲ್ಲಿ ಟಂಕಿಸಿದ ಬಂಗಾರದ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಎಂದೇ ಹೆಸರು, ಶಾಸನಗಳ ದಾನದ ಲೆಕ್ಕದಲ್ಲಿ ಅದು ಬರುತ್ತದೆ. 12ನೇ ಶತಮಾನದ ಕೊನೆಗೆ ಹೊಯ್ಸಳರ ಇಮ್ಮಡಿ ಬಲ್ಲಾಳ ಸೇವುಣರನ್ನು ಸೋಲಿಸಿ ರಾಜಧಾನಿ ದ್ವಾರಸಮುದ್ರವನ್ನು ಬಿಟ್ಟು ಇಲ್ಲಿ ಬೀಡು ಬಿಟ್ಟ. ದುಡ್ಡು ಹುಟ್ಟುವ ಊರನ್ನು ಅರಸರು ಬಿಡುವುದಿಲ್ಲ.

ಆ ದುಡ್ಡು ಎಲ್ಲಿ ಹೋಯಿತು ಎಂಬುದೇ ನನಗೆ ಈ ಊರುಗಳ ದೊಡ್ಡ ಸಂಗತಿ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಓಲೆಯಲ್ಲಿ ಬರೆಸಿ ಹಂಚಿದಳು, 993ರಲ್ಲಿ ರನ್ನನಿಂದ ಅಜಿತಪುರಾಣ ಬರೆಸಿದಳು. ಅಚ್ಚುಮೊಳೆ ಹುಟ್ಟದ ಕಾಲದಲ್ಲಿ ಸಾವಿರ ಪ್ರತಿ! ಇನ್ನು ಗದಗದಿಂದ ಮುಂಡರಗಿ ದಾರಿಯಲ್ಲಿರುವ ಡಂಬಳಕ್ಕೆ ಬನ್ನಿ. ಅಂದಿನ ಧರ್ಮವೊಳಲು. 1095ರ ಶಾಸನವೊಂದು ಅಲ್ಲಿಯ ಬೌದ್ಧ ವಿಹಾರಗಳಿಗೆ ಸಂದ ದಾನವನ್ನು ಹೇಳುತ್ತದೆ. ಬುದ್ಧನ ವಿಹಾರ ಕಟ್ಟಿಸಿದವರು ಊರಿನ ಹದಿನಾರು ಸೆಟ್ಟಿಗಳು. ತಾರಾದೇವಿಯ ವಿಹಾರ ಕಟ್ಟಿಸಿದವನು ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ. ಬೌದ್ಧಧರ್ಮ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಮರೆಯಾಗುತ್ತಿದ್ದ ಕಾಲಕ್ಕೆ ತಾರೆಗೆ ಮನೆ ಕಟ್ಟಿಕೊಟ್ಟದ್ದು ಪಕ್ಕದ ಊರಿನ ವ್ಯಾಪಾರಿ. ಅದೇ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯಿದೆ. ನಕ್ಷತ್ರದಂತೆ 24 ಮೂಲೆಗಳ ತಳವಿನ್ಯಾಸ. ಗೋಡೆ ಎಲ್ಲಿಯೂ ನೆಟ್ಟಗೆ ನಿಲ್ಲದೆ ಮಡಿಕೆ ಮಡಿಕೆಯಾಗಿ ತಿರುಗುತ್ತದೆ, ಬಿಸಿಲು ಸರಿದಂತೆ ನೆರಳೂ ಸರಿಯುತ್ತದೆ. ಪೂರಾ ಒಂದು ಮಧ್ಯಾಹ್ನ ಇದಕ್ಕೆ ಕೊಡಬೇಕು. ಎದುರಿಗೆ ಬರುವ ಊರ ಹಿರಿಯರು “ಯಾವೂರವರ್ರೀ? ಬರ್ರಿ, ಚಾ ಕುಡದ ಹೋಗ್ರಿ” ಎಂದರೆ ಹೋಗಿ ಕುಳಿತುಕೊಳ್ಳಿ. ಗೈಡ್ ಹೇಳದ ಮಾತು ಅಲ್ಲಿ ಸಿಗುತ್ತದೆ.

ಗಳಿಸಿದ್ದನ್ನು ಬಾವಿಗೆ, ಬಸದಿಗೆ, ವಿಹಾರಕ್ಕೆ, ಪುಸ್ತಕಕ್ಕೆ ಸುರಿಯುವುದು ಇಲ್ಲಿಯ ಸಿರಿವಂತಿಕೆಯ ರೀತಿಯಾಗಿತ್ತು. ಮೆಟ್ಟಿಲು ಇಳಿದು ಹೋಗುವ ಕೆತ್ತನೆಯ ಬಾವಿಗಿಂತ ದೊಡ್ಡ ಐಷಾರಾಮ ಈ ಬಯಲುಸೀಮೆಯಲ್ಲಿ ಯಾವುದಿದ್ದೀತು? ಅದನ್ನು ಊರಿಗೇ ಕೊಟ್ಟರು.

ಹತ್ತಿ, ಅಚ್ಚುಮನೆ, ಮಗ್ಗ

ಗದಗಿಗೆ ಬಂದವರು ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕುಳಿತು ಭಾರತ ಬರೆದನೆಂಬ ಕಂಬಕ್ಕೆ ಕೈಮುಗಿಯುತ್ತಾರೆ, ತ್ರಿಕೂಟೇಶ್ವರ ಮತ್ತು ಸರಸ್ವತಿ ಗುಡಿಯ ಕಂಬಗಳನ್ನು ನೋಡುತ್ತಾರೆ. ನೋಡಲೇಬೇಕು. ಆದರೆ ಗದಗ ಇಂದಿಗೂ ಪೇಟೆಯ ಊರಾಗಿ ಬದುಕಿದೆ ಎಂಬುದು ತಿಳಿಯಬೇಕಾದರೆ ಎಪಿಎಂಸಿ ಆವರಣಕ್ಕೆ ಹೋಗಬೇಕು. ಸುಗ್ಗಿಯ ಕಾಲಕ್ಕೆ ಹೆಸರು, ಶೇಂಗಾ, ಉಳ್ಳಾಗಡ್ಡಿ, ಹತ್ತಿ. ಚಳಿಗಾಲ ಮುಗಿಯುವ ಹೊತ್ತಿಗೆ ಬ್ಯಾಡಗಿ ತಳಿಯ ಒಣಮೆಣಸಿನಕಾಯಿಯ ರಾಶಿ. ಹಮಾಲರು ಚೀಲ ಹೊತ್ತು ಓಡುತ್ತಾರೆ, ದಲಾಲರ ಅಂಗಡಿಯ ಕಟ್ಟೆಯ ಮೇಲೆ ರೈತರು ರೇಟಿಗಾಗಿ ಕಾಯುತ್ತಾರೆ. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ. ಮರಾಕೆಶ್‌ನ ಮಸಾಲೆ ಅಂಗಡಿಯ ಮುಂದೆ ಫೋಟೊ ತೆಗೆಸಿಕೊಳ್ಳುವವರು ಈ ಕೆಂಪು ರಾಶಿಯ ಮುಂದೆ ಒಮ್ಮೆ ನಿಂತು ನೋಡಲಿ. ಇದು ಪ್ರವಾಸಿಗರಿಗಾಗಿ ಹಾಕಿದ ಅಂಗಡಿಯಲ್ಲ, ಒಂದು ಸೀಮೆಯ ವರ್ಷದ ಅನ್ನ.

ಇಲ್ಲಿಯ ಕರಿನೆಲದ ಹತ್ತಿಯ ಕಥೆ ಜಗತ್ತಿಗೆಲ್ಲ ಸಂಬಂಧಿಸಿದ್ದು. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿಯನ್ನು ಧಾರವಾಡ ಸೀಮೆಯಲ್ಲಿ ಬೆಳೆಸಿ ನೋಡಿದರು. ಇಲ್ಲಿ ಒಗ್ಗಿಕೊಂಡ ಆ ತಳಿಗೆ ಧಾರವಾಡ-ಅಮೆರಿಕನ್ ಎಂಬ ಹೆಸರೇ ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಇಲ್ಲಿಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಆಗಿನ್ನೂ ರೈಲು ಇಲ್ಲ. ಎತ್ತಿನ ಗಾಡಿಗಳ ಸಾಲು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಈ ಬಯಲಿನ ನಾಟಿ ಹತ್ತಿಗೆ ಮುಂಬೈ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು ನಿಂತಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂದ ಮೇಲೆ ಗದಗ ಜಂಕ್ಷನ್ ಆಯಿತು, ಜಿನ್ನುಗಳು ಬಂದವು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶಕ್ಕೇ ಮೊದಲನೆಯದು. ಸಾಹುಕಾರನ ಬಾಗಿಲಲ್ಲಿ ನಿಲ್ಲುವ ರೈತನಿಗೆ ಇನ್ನೊಂದು ಬಾಗಿಲು ತೆರೆದ ಊರು ಅದು. ದೂರದಿಂದ ಬಂದವರಿಗೆ ಗುಡಿಯಷ್ಟೇ ಅಭಿಮಾನದಿಂದ ತೋರಿಸಬೇಕಾದ ಜಾಗ.

ಮರಾಕೆಶ್‌ನ ದೊಡ್ಡ ಮಸೀದಿ ಕುತುಬಿಯಾದ ಪಕ್ಕದಲ್ಲಿ ಒಂದು ಕಾಲಕ್ಕೆ ಪುಸ್ತಕ ಮಾರುವವರ ಬಜಾರಿತ್ತು. ಗದಗಿಗೆ ಅಂಥ ಬಜಾರು ಬೇರೆ ರೂಪದಲ್ಲಿ ಬಂತು. ಈ ಊರಿನ ಅಚ್ಚುಮನೆಗಳು ಕಿತ್ತೂರು ಕರ್ನಾಟಕದ ಮಕ್ಕಳಿಗೆ ಪಠ್ಯಪುಸ್ತಕ, ಶಬ್ದಕೋಶ, ಕ್ಯಾಲೆಂಡರು ಒದಗಿಸಿದವು. ಮುದ್ರಣ ಕಾಶಿ ಎಂದು ಊರಿಗೆ ಹೆಸರು ಬಂತು. ಸಂಕೇಶ್ವರ ಮನೆತನದ ಅಚ್ಚುಮನೆಯ ಶಬ್ದಕೋಶ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದಿಗೂ ಇದೆ. ತೋಂಟದಾರ್ಯ ಮಠ ಪುಸ್ತಕ ಪ್ರಕಟಣೆಯನ್ನು ಧರ್ಮಕಾರ್ಯದಂತೆ ಮಾಡಿಕೊಂಡು ಬಂದಿದೆ. ಸಂಜೆ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದರೆ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ಜಾಗದಲ್ಲಿ ಇಂದಿನ ಮಕ್ಕಳ ರಿಯಾಜು ಕೇಳುತ್ತದೆ. ಯಾವ ದುಬಾರಿ ಹೋಟೆಲಿನ ಸಂಜೆಯ ಕಾರ್ಯಕ್ರಮಕ್ಕೂ ಇದನ್ನು ನಾನು ಬಿಟ್ಟುಕೊಡಲಾರೆ.

ರೈಲು ಹಳಿಯ ಆಚೆಗೆ ಬೆಟಗೇರಿ. ಎರಡು ಊರು, ಒಂದೇ ನಗರಸಭೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಕಾಲಕ್ಕೆ ಲಾಳಿಯ ಸದ್ದಿಲ್ಲದ ಮನೆಯೇ ಇರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಈಗ ಕೈಮಗ್ಗ ಕಡಿಮೆಯಾಗಿ ವಿದ್ಯುತ್ ಮಗ್ಗ ಹೆಚ್ಚಿವೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಒಬ್ಬ ತಾಯಿ ಹಾಸಿನ ಎಳೆ ಸರಿಮಾಡುತ್ತ, “ನೋಡಾಕ ಬರ್ತಾರ್ರೀ ಅಣ್ಣಾರ, ತಗೊಳ್ಳಾಕ ಬರೂದಿಲ್ಲ” ಎಂದರು. ಆ ಮಾತನ್ನು ಪ್ರವಾಸೋದ್ಯಮದ ಯೋಜನೆ ಬರೆಯುವವರೆಲ್ಲ ಕೇಳಿಸಿಕೊಳ್ಳಬೇಕು.

ಊಟದ ಮಾತು ಬಿಟ್ಟರೆ ಈ ಸೀಮೆಗೆ ಅನ್ಯಾಯವಾಗುತ್ತದೆ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೇಲೆ ಗಟ್ಟಿ ಮೊಸರು. ಹೊತ್ತು ಇಳಿದ ಮೇಲೆ ಗದಗಿನ ಬದನೆಕಾಯಿ ಭಜ್ಜಿ. ಉಳಿದೂರುಗಳ ಭಜ್ಜಿಗೂ ಇದಕ್ಕೂ ಸಂಬಂಧವಿಲ್ಲ, ಬದನೆಕಾಯಿ ಒಳಗೆ ಬೆಣ್ಣೆಯಾಗಿರುತ್ತದೆ, ಮೇಲೆ ಗರಿ. ಜೊತೆಗೆ ಗಿರ್ಮಿಟ್, ಮಿರ್ಚಿ. ಇದನ್ನು ನಿಂತು ತಿನ್ನಬೇಕು, ಬಾಣಲೆಯ ಪಕ್ಕದಲ್ಲೇ.

ನಾಲ್ಕು ಸರಕಾರಗಳ ನಡುವಿನ ಸಂತೆ

ಹೊಸ ಕಾಲದ ಪ್ರವಾಸಿಗರಿಗೆ ಗೊತ್ತಿಲ್ಲದ ಒಂದು ಸಂಗತಿ. ಸ್ವಾತಂತ್ರ್ಯ ಬರುವವರೆಗೆ ಗದಗ ಮುಂಬೈ ಪ್ರಾಂತ್ಯದ ಬ್ರಿಟಿಷ್ ಆಡಳಿತದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ. ಮುಂಡರಗಿಯಿಂದ ಪೂರ್ವಕ್ಕೆ ಹೋದರೆ ಕೊಪ್ಪಳ, ಅದು ಹೈದರಾಬಾದ್ ನಿಜಾಮರ ಸೀಮೆ. ಒಂದು ದಿನದ ಗಾಡಿದಾರಿಯಲ್ಲಿ ನಾಲ್ಕು ಸರಕಾರ. ಗಡಿ ಇದ್ದ ಕಡೆ ಸಂತೆಗೆ ಬಲ ಬರುತ್ತದೆ, ಸುಂಕದ ಕಟ್ಟೆಗೂ ಕೆಲಸ ಬರುತ್ತದೆ. ಗಡಿಗಳು ಹೋದವು, ಸಂತೆಗಳು ಉಳಿದವು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಈಗ 1997ರಲ್ಲಿ ಆದ ಗದಗ ಜಿಲ್ಲೆಯಲ್ಲಿವೆ.

ಶಿರಹಟ್ಟಿಯಲ್ಲಿ ನೋಡಬೇಕಾದದ್ದು ಫಕೀರೇಶ್ವರ ಮಠ. ಲಿಂಗಾಯತ ಪರಂಪರೆಯೂ ವಿಜಾಪುರದ ಸೂಫಿ ಪರಂಪರೆಯೂ ಅಲ್ಲಿ ಒಂದಾಗಿ ಹರಿದಿವೆ. ಮಠದ ಸ್ವಾಮಿಗಳ ಹೆಸರಿನಲ್ಲೇ ಫಕೀರ ಎಂಬುದು ಸೇರಿಕೊಂಡಿದೆ. ದ್ವೇಷ ಬಿಡು, ಪ್ರೀತಿ ಮಾಡು ಎಂಬುದು ಮಠದ ಮಾತು. ಜಾತ್ರೆಗೆ ಎರಡೂ ಸಮುದಾಯದವರು ತಮ್ಮದೇ ಮನೆಯ ಹಬ್ಬವೆಂದು ಬರುತ್ತಾರೆ. ಇಂದಿನ ದಿನಗಳಲ್ಲಿ ಇದನ್ನು ಒಮ್ಮೆ ಕಣ್ಣಾರೆ ಕಂಡು ಬರುವುದು ಒಳ್ಳೆಯದು.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ರಾತ್ರಿ ಹೊಲಗಳಲ್ಲಿ ಮೇದು, ಬೆಳಗಾಗುವಾಗ ಸಾಲುಗಟ್ಟಿ ಕೆರೆಗೆ ಮರಳುತ್ತವೆ. ಹೊಲದ ಬೆಳೆ ತಿಂದರೂ ಇಲ್ಲಿಯ ರೈತರು ಅವುಗಳನ್ನು ಬಾಳಗೊಟ್ಟಿದ್ದಾರೆ. 2024ರಲ್ಲಿ ಈ ಕೆರೆ ರಾಮ್ಸಾರ್ ಜೌಗುಭೂಮಿಗಳ ಪಟ್ಟಿ ಸೇರಿತು.

ಮುಂಡರಗಿಗೆ ಡಂಬಳದ ದಾರಿಯಲ್ಲಿ ಹೋದರೆ ಪಕ್ಕದಲ್ಲಿ ಕಪ್ಪತಗುಡ್ಡ ಜೊತೆಗೆ ಬರುತ್ತದೆ. ಔಷಧಿ ಗಿಡಗಳ ಗುಡ್ಡ, ಒಡಲಲ್ಲಿ ಬಂಗಾರವೂ ಇದೆ, ಅದಕ್ಕೇ ಅದರ ಮೇಲೆ ಗಣಿಯ ಕಣ್ಣು. ಜನ, ಮಠ, ಪರಿಸರದವರು ಕೂಡಿ ಹೋರಾಡಿದ ಮೇಲೆ 2019ರಲ್ಲಿ ಅದು ವನ್ಯಜೀವಿಧಾಮವಾಯಿತು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ರೈತರು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ನೆಲ ಕೊಡುವುದಿಲ್ಲವೆಂದು ಗಟ್ಟಿಯಾಗಿ ನಿಂತರು, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು, ಯೋಜನೆ ಹೋಯಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ ಮುಂಡರಗಿ ಭೀಮರಾಯನ ಸೀಮೆಯಲ್ಲವೇ ಇದು! ಮುಂದೆ ಶಿಂಗಟಾಲೂರಿನ ವೀರಭದ್ರನ ಗುಡಿ, ಕೆಳಗೆ ತುಂಗಭದ್ರೆ.

ಉಳಿಯುವುದೆಲ್ಲಿ?

ಇಷ್ಟೆಲ್ಲ ನೋಡಿದವರು ರಾತ್ರಿ ಉಳಿಯುವುದು ಎಲ್ಲಿ ಎಂಬ ಪ್ರಶ್ನೆಗೆ ನಮ್ಮ ಬಳಿ ಒಳ್ಳೆಯ ಉತ್ತರವಿಲ್ಲ. ಗದಗಿನಲ್ಲಿ ಲಾಡ್ಜ್‌ಗಳಿವೆ, ವ್ಯಾಪಾರಕ್ಕೆ ಬಂದವರಿಗೆ ಅವು ಸಾಕು. ಆದರೆ ಈ ಸೀಮೆಯ ಊರುಗಳಲ್ಲಿ ದೇಸಾಯರ, ಗೌಡರ, ಹತ್ತಿ ವ್ಯಾಪಾರಿಗಳ ವಾಡೆಗಳು ಬೀಗ ಹಾಕಿಕೊಂಡು ಮಣ್ಣಾಗುತ್ತಿವೆ. ಎತ್ತು ಗಾಡಿ ಸಮೇತ ಒಳಗೆ ಬರುವ ತಲಬಾಗಿಲು, ಕೆತ್ತನೆಯ ಕಂಬದ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ, ಕಾಳು ತುಂಬಿಡುವ ಹಗೇವು. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಂಪು. ಮರಾಕೆಶ್‌ನ ರಿಯಾದಿಗೂ ನಮ್ಮ ವಾಡೆಗೂ ಮಾಡಿನ ಕೆಳಗಿನ ಬುದ್ಧಿ ಒಂದೇ. ಬಿಸಿಲ ನಾಡಿನಲ್ಲಿ ಮನೆ ಒಳಮುಖವಾಗಿರಬೇಕು, ದಪ್ಪ ಮಣ್ಣಿನ ಗೋಡೆ ಬೇಕು, ನಡುವೆ ಗಾಳಿಗೆ ದಾರಿ ಬೇಕು. ಅಲ್ಲಿ ಆ ಮನೆಗಳು ಬದುಕಿದವು, ಇಲ್ಲಿ ತೇಗದ ಕಂಬಗಳನ್ನು ಕಿತ್ತು ಹಳೆಯ ಮರದ ವ್ಯಾಪಾರಿಗೆ ತೂಕಕ್ಕೆ ಮಾರುತ್ತಿದ್ದಾರೆ.

ತಮಿಳುನಾಡಿನ ಕಾರೈಕುಡಿಯ ಸುತ್ತ ಚೆಟ್ಟಿಯಾರರ ದೊಡ್ಡ ಮನೆಗಳು ವಸತಿಗಳಾಗಿ ಮರುಜೀವ ಪಡೆದಿವೆ. ಅವರೂ ವ್ಯಾಪಾರಿಗಳೇ, ಅವರ ಮನೆಗಳೂ ಬೀಗ ಹಾಕಿಕೊಂಡಿದ್ದವೇ. ಅಲ್ಲಿ ಆದದ್ದು ಇಲ್ಲಿ ಆಗದ್ದೇನಲ್ಲ. ಲಕ್ಷ್ಮೇಶ್ವರದಲ್ಲಿ ಒಂದು, ಲಕ್ಕುಂಡಿಯಲ್ಲಿ ಒಂದು, ಡಂಬಳ-ಮುಂಡರಗಿ ಕಡೆ ಒಂದು ವಾಡೆ ದುರಸ್ತಿಯಾಗಲಿ. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತದೆ, ಊರಿನ ಉಪ್ಪಾರರು, ಬಡಿಗೇರರ ಕೈಯಿಂದಲೇ ಆಗಲಿ. ಒಳ್ಳೆಯ ಬಚ್ಚಲು, ಒಳ್ಳೆಯ ಹಾಸಿಗೆ, ಮೆತ್ತಗಿನ ರೊಟ್ಟಿ ಬಡಿಯುವ ಊರಿನ ಹೆಣ್ಣುಮಕ್ಕಳಿಗೆ ಒಳ್ಳೆಯ ಸಂಬಳ. ಹಾಸಿಗೆಯ ಮೇಲಿನ ಹೊದಿಕೆ ಬೆಟಗೇರಿಯ ಮಗ್ಗದ್ದಾಗಿರಲಿ. ಅಲ್ಲಿಗೆ ಬಂದವರು ದುಬಾರಿ ಬಾಡಿಗೆ ಕೊಡಲಿ, ತಪ್ಪಿಲ್ಲ. ಆ ದುಡ್ಡು ಊರಿನಲ್ಲೇ ಉಳಿಯಬೇಕು ಅಷ್ಟೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. 1990ರ ದಶಕದಿಂದ ಮರಾಕೆಶ್‌ನ ರಿಯಾದ್‌ಗಳನ್ನು ಹೊರದೇಶದವರು ಒಂದೊಂದಾಗಿ ಕೊಂಡರು. ಮನೆಗಳು ಚೆಂದವಾದವು, ಬೆಲೆ ಏರಿತು, ಹಳೆಯ ಊರಿನಲ್ಲಿದ್ದ ಎಷ್ಟೋ ಕುಟುಂಬಗಳು ಹೊರವಲಯಕ್ಕೆ ಸರಿದವು. ಓಣಿ ಉಳಿಯಿತು, ಓಣಿಯವರು ಹೋದರು. ಪುಲಿಗೆರೆಗೆ ಹಾಗಾಗಬಾರದು. ಕಣಗಿನಹಾಳದಂಥ ಊರಿರುವ ಜಿಲ್ಲೆಯಲ್ಲಿ ವಾಡೆಯ ಒಡೆಯರು, ನೇಕಾರರು, ಖಾನಾವಳಿಯವರು ಕೂಡಿ ಒಂದು ಸಹಕಾರ ಸಂಘದ ಮೂಲಕವೇ ಈ ಕೆಲಸ ಮಾಡಬಹುದು. ಪ್ರವಾಸೋದ್ಯಮ ಇಲಾಖೆ ಸಾಲದ ಜಾಮೀನು ನಿಂತರೂ ಸಾಕು. ಲಕ್ಕುಂಡಿಯ ಬಾವಿಗಳ ಸುತ್ತ ಕಸ ಬೀಳದಂತೆ ನೋಡಿಕೊಳ್ಳುವುದು, ಹೆದ್ದಾರಿಯಿಂದ ಡಂಬಳದ ದಾರಿ ತೋರುವ ಒಂದು ಸರಿಯಾದ ಬೋರ್ಡು ಹಾಕುವುದು ನಾಳೆಯೇ ಆಗಬಹುದಾದ ಕೆಲಸಗಳು.

ಓದುಗರಿಗೆ ನನ್ನ ಕೋರಿಕೆ ಇಷ್ಟು. ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ. ಹಂಪಿಗೆ ಹೋಗುವ ದಾರಿಯಲ್ಲಿ ಎರಡು ತಾಸು ಇಣುಕಿ ಹೋಗಬೇಡಿ, ಎರಡು ರಾತ್ರಿಯಾದರೂ ಉಳಿಯಿರಿ. ಖಾನಾವಳಿಯಲ್ಲಿ ಉಣ್ಣಿ. ಬೆಟಗೇರಿಗೆ ಹೋದರೆ ಮಗ್ಗ ನೋಡಿ ಬರಿಗೈಯಲ್ಲಿ ಮರಳಬೇಡಿ, ಒಂದು ಸೀರೆ ಕೊಂಡು ಅದರ ಪೂರಾ ಬೆಲೆ ಕೊಡಿ.